ಚಪ್ಪಾಳೆ ತಟ್ಟುವವರ ಖಗೋಳ

“ಅಷ್ಟೊಂದು ಆಸಕ್ತಿ ಇದ್ದರೆ ಇಸ್ರೋ ಸೇರಬಹುದಿತ್ತಲ್ಲ?” ರಾತ್ರಿ ತಾರಸಿಯ ಮೇಲೆ ದುರ್ಬೀನು ಇಟ್ಟುಕೊಂಡು ಕೂರುವ ಯಾವ ವಯಸ್ಕರೂ ನಮ್ಮಲ್ಲಿ ಈ ಪ್ರಶ್ನೆಯಿಂದ ತಪ್ಪಿಸಿಕೊಂಡಿರಲಾರರು. ಕೇಳುವವರ ದನಿಯಲ್ಲಿ ಕುಹಕವೇನೂ ಇರುವುದಿಲ್ಲ, ಕನಿಕರ ಇರುತ್ತದೆ. ಅದು ಇನ್ನೂ ಕೆಟ್ಟದ್ದು. ಆಕಾಶ ನೋಡುವುದಕ್ಕೆ ಎರಡೇ ಎರಡು ನೆಪಗಳುಂಟು ಎಂದು ನಾವೆಲ್ಲ ಒಪ್ಪಿಬಿಟ್ಟಿದ್ದೇವೆ. ಹತ್ತನೇ ತರಗತಿಯೊಳಗಿನ ಮಕ್ಕಳು ನೋಡಿದರೆ ಅದು ಪ್ರತಿಭೆ. ದೊಡ್ಡವರಾದ ಮೇಲೆ ಅದರಿಂದ ಸಂಬಳ ಬಂದರೆ ಅದು ವಿಜ್ಞಾನ. ಇವೆರಡರ ನಡುವೆ ಉಳಿದ ಬ್ಯಾಂಕ್ ನೌಕರ, ಅಡಿಕೆ ಬೆಳೆಗಾರ, ಪ್ರೌಢಶಾಲೆಯ ಮೇಡಂ ಎಲ್ಲರೂ ಊಟಕ್ಕಿಲ್ಲದ ಉಪ್ಪಿನಕಾಯಿ. ಅವರಿಗೆಂದು ಸಮಾಜ ಬಿಟ್ಟುಕೊಟ್ಟಿರುವ ಕೆಲಸ, ರಾಕೆಟ್ ಹಾರುವ ದಿನ ಟಿ.ವಿ. ಮುಂದೆ ಕೂತು ಚಪ್ಪಾಳೆ ತಟ್ಟುವುದು.

ಆಕಾಶ ತಜ್ಞರದ್ದು, ಹೆಮ್ಮೆ ಮಾತ್ರ ನಮ್ಮದು ಎಂಬ ಈ ಪಾಲುಪಟ್ಟಿಯನ್ನು ನಾನು ಒಪ್ಪುವುದಿಲ್ಲ. ಇದು ಇತಿಹಾಸಕ್ಕೂ ವಿರುದ್ಧ, ಇವತ್ತಿನ ಖಗೋಳ ವಿಜ್ಞಾನ ನಡೆಯುತ್ತಿರುವ ರೀತಿಗೂ ವಿರುದ್ಧ.

ಮೊದಲು ಚಪ್ಪಾಳೆಯ ವಿಷಯ. 2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದಾಗ ಯೂಟ್ಯೂಬಿನಲ್ಲಿ ಇಸ್ರೋದ ನೇರ ಪ್ರಸಾರವನ್ನು ಏಕಕಾಲಕ್ಕೆ 80 ಲಕ್ಷ ಜನ ನೋಡುತ್ತಿದ್ದರು. ಸಂತೋಷ. ಚಪ್ಪಾಳೆ ತಟ್ಟಬೇಕಾದ ಕೆಲಸವೇ ಅದು, ತಟ್ಟಿದವರಲ್ಲಿ ನಾನೂ ಒಬ್ಬ. ಆದರೆ ಆ ಸಂಖ್ಯೆಯನ್ನೇ ಹಿಡಿದುಕೊಂಡು ‘ನಮ್ಮ ಜನರಲ್ಲಿ ಖಗೋಳ ಪ್ರೇಮ ಉಕ್ಕಿ ಹರಿಯುತ್ತಿದೆ’ ಎಂದು ಸಂಪಾದಕೀಯ ಬರೆಯುವವರನ್ನು ಕಂಡರೆ ನನಗೆ ನಗು. 2003ರ ಆಗಸ್ಟಿನಲ್ಲಿ ಮಂಗಳ ಗ್ರಹ ಭೂಮಿಗೆ ತೀರ ಹತ್ತಿರ ಬಂದಿತ್ತು. ‘ಮಂಗಳ ಚಂದ್ರನಷ್ಟೇ ದೊಡ್ಡದಾಗಿ ಕಾಣುತ್ತದೆ, ಆಕಾಶದಲ್ಲಿ ಎರಡು ಚಂದ್ರ’ ಎಂಬ ಸುಳ್ಳು ಆಗ ಹುಟ್ಟಿತು. ಅಂದಿನಿಂದ ಆಗಸ್ಟ್ ಬಂತೆಂದರೆ ಅದು ಮತ್ತೆ ಜೀವ ಪಡೆಯುತ್ತದೆ, ಈಗ ವಾಟ್ಸಾಪಿನಲ್ಲಿ. ಕಳಿಸುವವರು ರಾಷ್ಟ್ರೀಯ ಬಾಹ್ಯಾಕಾಶ ದಿನದ ಶುಭಾಶಯವನ್ನೂ ಅದೇ ತಿಂಗಳು ತಪ್ಪದೆ ಕಳಿಸುವವರು. ಮಂಗಳ ಎಲ್ಲಿದೆ ಎಂದು ಒಂದೇ ಒಂದು ಸಲ ತಲೆಯೆತ್ತಿ ನೋಡಿದವರು ಈ ಸುಳ್ಳಿಗೆ ಬೀಳುವುದು ಸಾಧ್ಯವಿಲ್ಲ, ಅದು ಎಂದೂ ಒಂದು ಕೆಂಪು ಚುಕ್ಕಿಗಿಂತ ದೊಡ್ಡದಾಗಿ ಬರಿಗಣ್ಣಿಗೆ ಕಂಡದ್ದೇ ಇಲ್ಲ. ನಮ್ಮ ವಾಹಿನಿಗಳ ಮಾತು ಬಿಡಿ. ಬೆಳಿಗ್ಗೆ ಗ್ರಹಣ ದೋಷಕ್ಕೆ ಪರಿಹಾರ, ಸಂಜೆ ಉಡಾವಣೆಯ ಕ್ಷಣಗಣನೆ. ನಿರೂಪಕರೂ ಅವರೇ, ಉತ್ಸಾಹವೂ ಅಷ್ಟೇ.

ಆಕಾಶವನ್ನು ತಜ್ಞರಿಗೆ ಬರೆದುಕೊಟ್ಟರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಒಮ್ಮೆ ಕಣ್ಣಾರೆ ಕಂಡಿದೆ. 1980ರ ಫೆಬ್ರವರಿ 16ರ ಖಗ್ರಾಸ ಸೂರ್ಯಗ್ರಹಣ ಕಾರವಾರ, ಹುಬ್ಬಳ್ಳಿ, ರಾಯಚೂರಿನ ನೆತ್ತಿಯ ಮೇಲೆ ಹಾದುಹೋಯಿತು. ವಿಜ್ಞಾನಿಗಳು ದೂರದೂರದಿಂದ ಉಪಕರಣ ಹೊತ್ತು ತಂದು ಇಲ್ಲಿ ಬಿಡಾರ ಹೂಡಿದರು. ಊರಿನ ಬಹುಪಾಲು ಜನ ಬಾಗಿಲು ಕಿಟಕಿ ಹಾಕಿಕೊಂಡು ಮನೆಯೊಳಗೆ ಕೂತರು. ಹೊರಗೆ ತಜ್ಞ, ಒಳಗೆ ಊರು. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ಮಂಗಳೂರು ಮತ್ತು ದಕ್ಷಿಣ ಕೊಡಗಿನಲ್ಲಿ ಕಂಡಾಗ ಚಿತ್ರ ಬೇರೆಯಿತ್ತು. ಮೈದಾನಗಳಲ್ಲಿ ಸೌರ ಕನ್ನಡಕ ಹಾಕಿಕೊಂಡು ಮಕ್ಕಳೂ ಅಜ್ಜಿಯರೂ ನಿಂತಿದ್ದರು. ನಡುವಿನ ಸುಮಾರು ನಲವತ್ತು ವರ್ಷಗಳಲ್ಲಿ ಈ ಬದಲಾವಣೆ ತಂದವರಲ್ಲಿ ದೊಡ್ಡ ಪಾಲು ಕಾಲೇಜು ಮೇಷ್ಟರುಗಳದ್ದು, ಹವ್ಯಾಸಿ ಸಂಘಗಳದ್ದು, ತಾರಾಲಯದ ಸ್ವಯಂಸೇವಕರದ್ದು. ರಾಕೆಟ್ಟಿನಿಂದ ಭಯ ಹೋಗುವುದಿಲ್ಲ, ಪಕ್ಕದ ಮನೆಯವರು ತಾವೇ ನೋಡಿ ನಮಗೂ ತೋರಿಸಿದಾಗ ಹೋಗುತ್ತದೆ.

ಹವ್ಯಾಸಿಯನ್ನು ಗೌರವಿಸುವುದು ಕನ್ನಡಿಗರಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಆಧುನಿಕ ಕನ್ನಡ ನಾಟಕವನ್ನು ಕಟ್ಟಿದ್ದೇ ಹವ್ಯಾಸಿ ರಂಗಭೂಮಿ. ಕೈಲಾಸಂ ಭೂವಿಜ್ಞಾನ ಓದಿ ಸರ್ಕಾರಿ ನೌಕರಿಯಲ್ಲಿದ್ದವರು, ಶ್ರೀರಂಗರು ಸಂಸ್ಕೃತ ಪ್ರಾಧ್ಯಾಪಕರು. ಕರಾವಳಿಯ ತಾಳಮದ್ದಳೆಯಲ್ಲಿ ವಕೀಲರು, ಮೇಷ್ಟರುಗಳು ಕೃಷ್ಣನಾಗಿ ಕರ್ಣನಾಗಿ ಇಡೀ ರಾತ್ರಿ ಅರ್ಥ ಹೇಳುತ್ತಾರೆ. ‘ಅಷ್ಟು ಆಸಕ್ತಿ ಇದ್ದರೆ ಮೇಳ ಸೇರಬಹುದಿತ್ತಲ್ಲ’ ಎಂದು ಅವರನ್ನು ಯಾರೂ ಕೇಳುವುದಿಲ್ಲ. ಅರ್ಥಗಾರಿಕೆಗೆ ಸಿಕ್ಕ ಮರ್ಯಾದೆ ನಕ್ಷತ್ರ ನೋಡುವವನಿಗೆ ಏಕಿಲ್ಲ?

‘ನಾಟಕ ಬೇರೆ, ವಿಜ್ಞಾನ ಬೇರೆ, ಅಲ್ಲಿ ಪದವಿ ಬೇಕು’ ಎನ್ನುವವರು ರಾಧಾಗೋಬಿಂದ ಚಂದ್ರರ ಕತೆ ಕೇಳಬೇಕು. ಇವರ ಹೆಸರು ನಮ್ಮ ಯಾವ ಪಠ್ಯದಲ್ಲೂ ನನಗೆ ಸಿಕ್ಕಿಲ್ಲ. ಹುಟ್ಟಿದ್ದು 1878ರಲ್ಲಿ, ಅವಿಭಜಿತ ಬಂಗಾಳದ ಜೆಸ್ಸೋರ್‌ನಲ್ಲಿ. ಪ್ರವೇಶ ಪರೀಕ್ಷೆಯನ್ನು ಮತ್ತೆ ಮತ್ತೆ ಬರೆದೂ ಪಾಸಾಗದೆ ಓದು ನಿಂತಿತು. ಸರ್ಕಾರಿ ಖಜಾನೆಯಲ್ಲಿ ನಾಣ್ಯ ಪರೀಕ್ಷಿಸುವ ಸಣ್ಣ ನೌಕರಿ. ಇಂಗ್ಲೆಂಡಿನಿಂದ ತರಿಸಿದ ಮೂರು ಅಂಗುಲದ ದುರ್ಬೀನೇ ಆಸ್ತಿ. 1918ರ ಜೂನಿನಲ್ಲಿ ಗರುಡ ರಾಶಿಯಲ್ಲಿ ಹೊಸ ನಕ್ಷತ್ರವೊಂದು ಧುತ್ತನೆ ಹೊಳೆದಾಗ ಅದನ್ನು ಕಂಡು, ಅಳೆದು, ಬರೆದಿಟ್ಟವರಲ್ಲಿ ಅವರೊಬ್ಬರು. ಆ ಟಿಪ್ಪಣಿ ಹಾರ್ವರ್ಡ್ ವೀಕ್ಷಣಾಲಯಕ್ಕೆ ಹೋಯಿತು. ಅಲ್ಲಿಂದ ಅವರ ಸಂಬಂಧ ಅಮೆರಿಕದ ಚರನಕ್ಷತ್ರ ವೀಕ್ಷಕರ ಸಂಘಕ್ಕೆ ಬೆಳೆಯಿತು. 1911ರಲ್ಲಿ ಹುಟ್ಟಿದ ಈ ಸಂಘ ಎಎವಿಎಸ್‌ಒ ಎಂದೇ ಪ್ರಸಿದ್ಧ.

ಚರನಕ್ಷತ್ರಗಳೆಂದರೆ ಹೊಳಪು ಬದಲಿಸುವ ನಕ್ಷತ್ರಗಳು. ಇವುಗಳನ್ನು ಅಳೆಯುವ ಕ್ರಮ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಹೊಳಪು ಎಷ್ಟೆಂದು ಮೊದಲೇ ಗೊತ್ತಿರುವ ಎರಡು ನಕ್ಷತ್ರಗಳನ್ನು ಅಕ್ಕಪಕ್ಕದಲ್ಲಿ ಹುಡುಕಿ, ನಮ್ಮ ನಕ್ಷತ್ರ ಒಂದಕ್ಕಿಂತ ಎಷ್ಟು ಮಂಕು, ಇನ್ನೊಂದಕ್ಕಿಂತ ಎಷ್ಟು ಪ್ರಕಾಶ ಎಂದು ಕಣ್ಣಂದಾಜಿನಲ್ಲಿ ಅಳೆದು, ತಾರೀಕು, ಗಂಟೆ, ಕಾಂತಿಮಾನ ಬರೆದಿಡುವುದು. ಒಂದು ಸಲ ಮಾಡಿದರೆ ಅದಕ್ಕೆ ಯಾವ ಬೆಲೆಯೂ ಇಲ್ಲ. ವರ್ಷಗಟ್ಟಲೆ ಮಾಡಿದರೆ ನಕ್ಷತ್ರದ ನಾಡಿ ಬಡಿತ ಕಾಗದದ ಮೇಲೆ ಮೂಡುತ್ತದೆ. ಚಂದ್ರರು ಹೀಗೆ 37,000ಕ್ಕೂ ಹೆಚ್ಚು ವೀಕ್ಷಣೆಗಳನ್ನು ಬರೆದು ಕಳಿಸಿದರು. ಹಗಲು ಖಜಾನೆಯ ನಾಣ್ಯ, ರಾತ್ರಿ ನಕ್ಷತ್ರ. ಅವರ ಕೆಲಸ ಮೆಚ್ಚಿ ಸಂಘದವರು 1926ರಲ್ಲಿ ಆರಂಗುಲದ ಒಂದು ದೂರದರ್ಶಕವನ್ನು ಹಡಗಿನಲ್ಲಿ ಜೆಸ್ಸೋರ್‌ಗೆ ಕಳಿಸಿಕೊಟ್ಟರು. ಚಂದ್ರರಿಗೆ ವಯಸ್ಸಾದ ಮೇಲೆ ಅದು ವೈನು ಬಪ್ಪು ಅವರ ಕೈ ಸೇರಿತು. ಭಾರತದ ಆಧುನಿಕ ಖಗೋಳ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಬಪ್ಪು, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಸ್ಥಾಪಕ ನಿರ್ದೇಶಕರು. ಹವ್ಯಾಸಿಯ ಆ ದುರ್ಬೀನು ಕೊನೆಗೆ ಬಂದು ನೆಲೆಸಿದ್ದು ತಮಿಳುನಾಡಿನ ಜವ್ವಾದಿ ಬೆಟ್ಟಗಳಲ್ಲಿರುವ ಕಾವಲೂರಿನಲ್ಲಿ, ಅದೇ ಸಂಸ್ಥೆಯ ವೀಕ್ಷಣಾಲಯದಲ್ಲಿ. ಪರೀಕ್ಷೆಯಲ್ಲಿ ನಪಾಸಾದ ಗುಮಾಸ್ತರ ಉಪಕರಣಕ್ಕೆ ದೇಶದ ದೊಡ್ಡ ವೀಕ್ಷಣಾಲಯದಲ್ಲಿ ಜಾಗ ಸಿಕ್ಕಿತು. ಅಂಥ ಗುಮಾಸ್ತರಿಗೆ ನಮ್ಮ ಮನಸ್ಸಿನಲ್ಲಿ ಮಾತ್ರ ಜಾಗವಿಲ್ಲ.

ಚಂದ್ರರು ಅಪವಾದವೂ ಅಲ್ಲ. ಅಮೆರಿಕದ ಓಹಾಯೊದ ರೈತರ ಮಗ ಲೆಸ್ಲಿ ಪೆಲ್ಟಿಯರ್ ಸ್ಟ್ರಾಬೆರಿ ಕಿತ್ತ ಕೂಲಿಯಿಂದ ಮೊದಲ ದುರ್ಬೀನು ಕೊಂಡು ಹನ್ನೆರಡು ಧೂಮಕೇತುಗಳನ್ನು ಕಂಡರು. 1965ರಲ್ಲಿ ಹಗಲಲ್ಲೂ ಕಾಣುವಷ್ಟು ಬೆಳಗಿದ ಇಕೆಯಾ–ಸೆಕಿ ಧೂಮಕೇತುವಿನ ಇಕೆಯಾ, ಜಪಾನಿನ ಪಿಯಾನೊ ಕಾರ್ಖಾನೆಯೊಂದರ ಕಾರ್ಮಿಕ. ಆಸ್ಟ್ರೇಲಿಯಾದ ಪಾದ್ರಿ ರಾಬರ್ಟ್ ಎವಾನ್ಸ್ ನೂರಾರು ಗೆಲಾಕ್ಸಿಗಳ ಚಿತ್ರವನ್ನು ತಲೆಯಲ್ಲೇ ಇಟ್ಟುಕೊಂಡು, ಅಲ್ಲಿ ಹೊಸ ಚುಕ್ಕಿ ಬಂದರೆ ಗುರುತಿಸುತ್ತ, 40ಕ್ಕೂ ಹೆಚ್ಚು ಸೂಪರ್ನೋವಾಗಳನ್ನು ಬರಿಯ ಕಣ್ಣು ಮತ್ತು ದುರ್ಬೀನಿನಿಂದ ಹಿಡಿದರು.

ಇಲ್ಲಿ ಎದುರಾಳಿಯ ಬಲವಾದ ವಾದ ಬರುತ್ತದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ‘ಅದೆಲ್ಲ ಹಳೆಯ ಕಾಲ. ಈಗ ಚಿಲಿಯಲ್ಲಿ ವೆರಾ ರುಬಿನ್ ವೀಕ್ಷಣಾಲಯ ಬಂದಿದೆ. 8.4 ಮೀಟರ್ ದರ್ಪಣ, 3,200 ಮೆಗಾಪಿಕ್ಸೆಲ್ ಕ್ಯಾಮೆರಾ. ಕೆಲವೇ ರಾತ್ರಿಗಳಲ್ಲಿ ದಕ್ಷಿಣದ ಇಡೀ ಆಕಾಶವನ್ನು ಅದು ಗುಡಿಸಿ ಹಾಕುತ್ತದೆ. ನಿಮ್ಮ ತಾರಸಿಯ ದುರ್ಬೀನು ಇನ್ನು ಏನು ಕಂಡೀತು?’

ಉತ್ತರಕ್ಕೆ ನಮ್ಮ ರೈತರಿಗೆಲ್ಲ ಗೊತ್ತಿರುವ ಒಂದು ನಕ್ಷತ್ರವನ್ನೇ ತೆಗೆದುಕೊಳ್ಳೋಣ. ಆರ್ದ್ರಾ. ಆರಿದ್ರಾ ಮಳೆಯ ಹೆಸರು ಹೇಳದ ರೈತನಿಲ್ಲ. ಆ ಮಳೆ ಬರುವ ಜೂನ್ ಕೊನೆಯಲ್ಲಿ ಸೂರ್ಯ ಇರುವುದು ಆರ್ದ್ರೆಯ ಸಮೀಪ, ಹಾಗಾಗಿ ಮಳೆ ಸುರಿಯುವಾಗ ನಕ್ಷತ್ರ ಕಾಣುವುದೇ ಇಲ್ಲ. ಹೆಸರು ಎಲ್ಲರ ಬಾಯಲ್ಲಿ, ನಕ್ಷತ್ರ ಯಾರ ಕಣ್ಣಿಗೂ ಇಲ್ಲ. ಚಳಿಗಾಲದಲ್ಲಿ ಮಹಾವ್ಯಾಧನ ಹೆಗಲ ಮೇಲೆ ಕೆಂಪಗೆ ಹೊಳೆಯುವುದೇ ಅದು, ಇಂಗ್ಲಿಷಿನವರ ಬೀಟಲ್‌ಜೂಸ್. 2019ರ ಕೊನೆಯಲ್ಲಿ ಅದು ಮಂಕಾಗತೊಡಗಿತು. ಅಮೆರಿಕದ ವಿಲನೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಗಿನಾನ್ ಮತ್ತು ಸಂಗಡಿಗರು ಡಿಸೆಂಬರಿನಲ್ಲಿ ಜಗತ್ತಿನ ಗಮನ ಸೆಳೆದರು. 2020ರ ಫೆಬ್ರವರಿ ಹೊತ್ತಿಗೆ ಅದರ ಹೊಳಪು ಎಂದಿನ ಮೂರನೇ ಒಂದಕ್ಕೆ ಹತ್ತಿರ ಇಳಿದು, ಮಹಾವ್ಯಾಧನ ಇನ್ನೊಂದು ಹೆಗಲಿನ ನಕ್ಷತ್ರದ ಸಮಕ್ಕೆ ಬಂದಿತ್ತು. ಇಷ್ಟು ದೊಡ್ಡ ಬದಲಾವಣೆಯನ್ನು ವಿಜಯಪುರದ ಮಾಳಿಗೆ ಮೇಲೆ ನಿಂತು ಬರಿಗಣ್ಣಿನಲ್ಲಿ ಅಳೆಯಬಹುದಿತ್ತು. ಜಗತ್ತಿನ ಹವ್ಯಾಸಿಗಳು ಅಳೆದರು. ದೈತ್ಯ ದೂರದರ್ಶಕಗಳಿಗೆ ಇಂಥ ಪ್ರಖರ ನಕ್ಷತ್ರ ತಲೆನೋವು, ಮಸುಕಾದದ್ದನ್ನು ಹಿಡಿಯಲೆಂದೇ ಮಾಡಿದ ಕ್ಯಾಮೆರಾಗಳು ಇದರ ಮುಂದೆ ಕೋರೈಸಿ ಹೋಗುತ್ತವೆ. ನಕ್ಷತ್ರ ತಾನೇ ಉಗುಳಿದ ಅನಿಲ ತಣ್ಣಗಾಗಿ ದೂಳಾಗಿ ಅಡ್ಡ ಬಂದದ್ದು ಇದಕ್ಕೆ ಕಾರಣವೆಂದು ಆಮೇಲೆ ದೊಡ್ಡ ಉಪಕರಣಗಳೇ ಹೇಳಿದವು, ಒಪ್ಪುತ್ತೇನೆ. ಆದರೆ ಈ ಇಳಿತ ಅಸಾಮಾನ್ಯ ಎಂದು ತೀರ್ಮಾನಿಸಬೇಕಾದರೆ ಸಾಮಾನ್ಯ ಯಾವುದೆಂದು ಗೊತ್ತಿರಬೇಕಲ್ಲ? ಆ ದಶಕಗಳ ದಾಖಲೆಯಲ್ಲಿ ಬಹುಪಾಲು ಹವ್ಯಾಸಿಗಳ ಕೈಬರಹದ್ದು.

ಇನ್ನೊಂದು ಉದಾಹರಣೆ. ಅರ್ಜೆಂಟೀನಾದ ರೊಸಾರಿಯೊ ನಗರದ ಬೀಗ ರಿಪೇರಿ ಮಾಡುವ ವಿಕ್ಟರ್ ಬುಸೊ 2016ರ ಸೆಪ್ಟೆಂಬರ್ 20ರ ರಾತ್ರಿ ಮನೆಯ ಮೇಲಿನ ದೂರದರ್ಶಕಕ್ಕೆ ಹೊಸ ಕ್ಯಾಮೆರಾ ಹಾಕಿ ಪರೀಕ್ಷಿಸುತ್ತಿದ್ದರು. ತಿರುಗಿಸಿದ್ದ ಗೆಲಾಕ್ಸಿಯಲ್ಲಿ ನೋಡುತ್ತಿದ್ದಂತೆಯೇ ಒಂದು ಚುಕ್ಕಿ ಬೆಳಗತೊಡಗಿತು. ಒಡೆಯುವ ನಕ್ಷತ್ರದ ಒಳಗಿನ ಆಘಾತ ಅದರ ಮೇಲ್ಮೈ ಸೀಳಿ ಹೊರಬರುವ ಮೊಟ್ಟಮೊದಲ ಗಳಿಗೆ ಅದು, ಖಗೋಳ ವಿಜ್ಞಾನಿಗಳು ಎಷ್ಟೋ ಕಾಲದಿಂದ ಕಾಯುತ್ತಿದ್ದದ್ದು. 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಬುಸೊ ಹೆಸರಿದೆ. ಅದೃಷ್ಟ ಎನ್ನುವಿರಾ? ಅದೃಷ್ಟವೇ. ಆದರೆ ಆ ರಾತ್ರಿ ಮಾಳಿಗೆ ಹತ್ತಿದವರಿಗೆ ಮಾತ್ರ ಒಲಿಯುವ ಅದೃಷ್ಟ.

ಬಾಹ್ಯಾಕಾಶ ಯಾನದ ಕಡೆ ತಿರುಗಿದರೆ ‘ಇದಂತೂ ಸರ್ಕಾರಗಳ ಕೆಲಸ’ ಎಂಬ ನಂಬಿಕೆ ಇನ್ನೂ ಗಟ್ಟಿ. 1966ರಲ್ಲಿ ಇಂಗ್ಲೆಂಡಿನ ಕೆಟರಿಂಗ್ ಎಂಬ ಊರಿನ ಶಾಲೆಯೊಂದರ ಭೌತಶಾಸ್ತ್ರದ ಮೇಷ್ಟರು ಜೆಫ್ರಿ ಪೆರಿ, ಹುಡುಗರನ್ನು ಕಟ್ಟಿಕೊಂಡು ರೇಡಿಯೊದಲ್ಲಿ ಸೋವಿಯತ್ ಉಪಗ್ರಹಗಳ ಸದ್ದು ಕೇಳುತ್ತಿದ್ದರು. ಒಂದು ಉಪಗ್ರಹದ ಕಕ್ಷೆ ಎಂದಿನಂತಿಲ್ಲ ಎಂದು ಲೆಕ್ಕ ಹಾಕಿ ಗುರುತಿಸಿದರು. ಗೊತ್ತಿರುವ ಉಡಾವಣಾ ನೆಲೆಯಿಂದ ಅದು ಹಾರಿರಲು ಸಾಧ್ಯವಿಲ್ಲ. ಹೀಗೆ ಒಂದು ಶಾಲೆ, ಪ್ಲೆಸೆಟ್ಸ್ಕ್ ಎಂಬ ಗುಪ್ತ ನೆಲೆಯನ್ನು ಜಗತ್ತಿಗೆ ಹೇಳಿತು. ಸೋವಿಯತ್ ಸರ್ಕಾರ ಅದನ್ನು ಒಪ್ಪಿಕೊಂಡದ್ದು 1983ರಲ್ಲಿ. ಈ ಕತೆಯನ್ನು ನಮ್ಮ ಶಿಕ್ಷಣ ಇಲಾಖೆಯವರು ಓದಬೇಕೆಂಬುದು ನನ್ನ ಆಸೆ, ಏಕೆಂದರೆ ನಮ್ಮಲ್ಲಿ ಶಾಲೆಗಳ ಬಾಹ್ಯಾಕಾಶ ಚಟುವಟಿಕೆ ಎಂದರೆ ಥರ್ಮಾಕೋಲಿನ ರಾಕೆಟ್ಟಿನ ಮುಂದೆ ನಿಂತು ಫೋಟೊ. ತೀರ ಈಚೆಗೆ, 2018ರ ಜನವರಿಯಲ್ಲಿ, ಕೆನಡಾದ ಹವ್ಯಾಸಿ ಸ್ಕಾಟ್ ಟಿಲಿ, 2005ರಲ್ಲಿ ಸಂಪರ್ಕ ಕಡಿದುಕೊಂಡಿದ್ದ ನಾಸಾದ ‘ಇಮೇಜ್’ ಉಪಗ್ರಹ ಮತ್ತೆ ಮಾತಾಡುತ್ತಿರುವುದನ್ನು ತಮ್ಮ ಆಂಟೆನಾದಲ್ಲಿ ಕೇಳಿಸಿಕೊಂಡರು. ಅವರು ಹುಡುಕುತ್ತಿದ್ದದ್ದು ಬೇರೆಯದೇ ಉಪಗ್ರಹವನ್ನು. ನಾಸಾ ಪರಿಶೀಲಿಸಿ ಹೌದೆಂದಿತು.

ನಮ್ಮ ಇಸ್ರೋ ಹವ್ಯಾಸಿಗಳನ್ನು ಕಡೆಗಣಿಸಿದೆ ಎಂದು ನಾನು ಆರೋಪಿಸುವುದಿಲ್ಲ. 2005ರ ಮೇ 5ರಂದು ಪಿಎಸ್‌ಎಲ್‌ವಿ–ಸಿ6 ಹೊತ್ತೊಯ್ದ ‘ಹ್ಯಾಮ್‌ಸ್ಯಾಟ್’ ಹ್ಯಾಮ್ ರೇಡಿಯೊ ಹವ್ಯಾಸಿಗಳಿಗೆಂದೇ ಮಾಡಿದ ಉಪಗ್ರಹ. ಅದರ ಎರಡು ಟ್ರಾನ್ಸ್‌ಪಾಂಡರುಗಳಲ್ಲಿ ಒಂದನ್ನು ಮಾಡಿಕೊಟ್ಟದ್ದು ನೆದರ್ಲ್ಯಾಂಡ್ಸಿನ ಒಬ್ಬ ವಿದ್ಯಾರ್ಥಿ. ಕೊರತೆ ಇರುವುದು ನಮ್ಮ ಕಡೆಯಲ್ಲೇ. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ–2ರ ಲ್ಯಾಂಡರ್ ಮೌನವಾದಾಗ ದೇಶವಿಡೀ ಕಣ್ಣೊರೆಸಿಕೊಂಡಿತು. ಚೆನ್ನೈನ ಎಂಜಿನಿಯರ್ ಷಣ್ಮುಗ ಸುಬ್ರಮಣಿಯನ್ ಕೆಲಸಕ್ಕೆ ಕೂತರು. ನಾಸಾದ ಚಂದ್ರ ಪರಿಭ್ರಮಣ ನೌಕೆ ತೆಗೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದ ಚಿತ್ರಗಳಲ್ಲಿ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು, ಚುಕ್ಕಿ ಚುಕ್ಕಿ ಹೋಲಿಸಿ, ಮೊದಲಿಲ್ಲದ ಒಂದು ಬಿಳಿ ಚುಕ್ಕಿ ಹುಡುಕಿದರು. ಅದು ಅವಶೇಷವೇ ಹೌದೆಂದು ಡಿಸೆಂಬರ್ 2ರಂದು ನಾಸಾ ಅವರ ಹೆಸರು ಹೇಳಿಯೇ ಪ್ರಕಟಿಸಿತು. ನಮ್ಮ ಆರ್ಬಿಟರ್ ಮೊದಲೇ ಪತ್ತೆ ಮಾಡಿತ್ತು ಎಂದು ಇಸ್ರೋ ಅಧ್ಯಕ್ಷರು ಹೇಳಿದರು. ಇರಲಿ, ಯಾರು ಮೊದಲು ಎಂಬ ಜಗಳ ನನಗೆ ಬೇಡ. ನನ್ನ ಪ್ರಶ್ನೆ ಬೇರೆ. ಚಂದ್ರಯಾನ–2ರ ದತ್ತಾಂಶವನ್ನು ಬೆಂಗಳೂರಿನ ಪಕ್ಕದ ಬ್ಯಾಲಾಳು ಕೇಂದ್ರದವರು ‘ಪ್ರದಾನ್’ ಎಂಬ ಜಾಲತಾಣದಲ್ಲಿ ಇಟ್ಟಿದ್ದಾರೆ. ಹೆಸರು ನೋಂದಾಯಿಸಿದರೆ ಸಾಕು. ಚಪ್ಪಾಳೆ ತಟ್ಟಿದ ನಮ್ಮಲ್ಲಿ ಎಷ್ಟು ಜನ ಅದರ ಬಾಗಿಲು ತಟ್ಟಿದ್ದೇವೆ?

‘ದುಡ್ಡಿದ್ದವರ ಚಟ’ ಎಂಬ ಇನ್ನೊಂದು ಆಕ್ಷೇಪ ಉಂಟು. ಹೊಟ್ಟೆಗೆ ಹಿಟ್ಟಿಲ್ಲದ ದೇಶದಲ್ಲಿ ಜುಟ್ಟಿಗೆ ಮಲ್ಲಿಗೆ ಹೂವೇ ಎಂದು ಕೇಳುತ್ತಾರೆ. ಖಜಾನೆ ಗುಮಾಸ್ತನೂ ಸ್ಟ್ರಾಬೆರಿ ಕೂಲಿಯವನೂ ಇದಕ್ಕೆ ಉತ್ತರ ಕೊಟ್ಟಾಗಿದೆ. ಆದರೂ ಈ ಆಕ್ಷೇಪಕ್ಕೆ ಇಂಬು ಕೊಟ್ಟವರು ನಮ್ಮ ಹವ್ಯಾಸಿಗಳಲ್ಲೇ ಕೆಲವರು ಎಂಬುದನ್ನು ಮುಚ್ಚಿಡಬಾರದು. ಲಕ್ಷಗಟ್ಟಲೆ ಸುರಿದು ಕ್ಯಾಮೆರಾ, ಸ್ವಯಂಚಾಲಿತ ಪೀಠ ತಂದು, ನೂರಾರು ಜನ ಈಗಾಗಲೇ ತೆಗೆದಿರುವ ಅದೇ ನೀಹಾರಿಕೆಯ ಅದೇ ಬಣ್ಣದ ಚಿತ್ರ ತೆಗೆದು ಮೆಚ್ಚುಗೆ ಎಣಿಸುವ ಒಂದು ವರ್ಗ ಬೆಳೆದಿದೆ. ಅವರ ಮಾತೆಲ್ಲ ಲೆನ್ಸಿನದು, ಮಾದರಿ ಸಂಖ್ಯೆಯದು. ಚಿತ್ರ ಚೆನ್ನಾಗಿರುತ್ತದೆ, ಬೇಡವೆನ್ನಲಾರೆ. ಆದರೆ ಅಷ್ಟೆಲ್ಲ ಉಪಕರಣ ಇಟ್ಟುಕೊಂಡು ಒಂದು ಸಂಖ್ಯೆಯನ್ನೂ ಬರೆದಿಡದವರು ಚಪ್ಪಾಳೆ ತಟ್ಟುವ ಸಭಿಕರಿಂದ ಎದ್ದು ಚಪ್ಪಾಳೆ ಗಿಟ್ಟಿಸುವ ವೇದಿಕೆಗೆ ಹೋಗಿದ್ದಾರೆ, ಅಷ್ಟೇ.

ಕೊನೆಯ ಆಕ್ಷೇಪ: ಬಹುಪಾಲು ಹವ್ಯಾಸಿಗಳು ಏನನ್ನೂ ಕಂಡುಹಿಡಿಯುವುದಿಲ್ಲ. ನಿಜ. ಬಹುಪಾಲು ವಿಜ್ಞಾನಿಗಳೂ ಜೀವಮಾನದಲ್ಲಿ ಧೂಮಕೇತು ಕಂಡುಹಿಡಿಯುವುದಿಲ್ಲ, ಅವರನ್ನು ಯಾರೂ ಹಂಗಿಸುವುದಿಲ್ಲ. ‘ನಿನ್ನೆಯಂತೆಯೇ ಇದೆ’ ಎಂಬ ದಾಖಲೆಯೂ ವಿಜ್ಞಾನಕ್ಕೆ ಬೇಕು. ಆರ್ದ್ರೆಯ ವಿಷಯದಲ್ಲಿ ಅಂಥ ಸಪ್ಪೆ ದಾಖಲೆಗಳೇ ಉಪಯೋಗಕ್ಕೆ ಬಂದವು.

ಹಾಗಾದರೆ ಆಗಬೇಕಾದ್ದೇನು? ಇದಕ್ಕೆ ದಾರಿಯನ್ನು ಲಡಾಖ್ ತೋರಿಸಿದೆ. ಹಾನ್ಲೆಯ ದೊಡ್ಡ ದೂರದರ್ಶಕವನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದಲೇ ಖಭೌತ ಸಂಸ್ಥೆಯವರು ನಡೆಸುತ್ತಾರೆ. 2022ರಲ್ಲಿ ಅಲ್ಲಿನ ಸುತ್ತಲ ಪ್ರದೇಶವನ್ನು ಕತ್ತಲಾಕಾಶ ಮೀಸಲು ಎಂದು ಘೋಷಿಸಿದಾಗ, ಹಳ್ಳಿಯವರನ್ನೇ ಆರಿಸಿ ತರಬೇತಿ ಕೊಟ್ಟು, ಕೈಗೆ ದೂರದರ್ಶಕ ಕೊಟ್ಟರು. ಇಂದು ಬಂದವರಿಗೆ ಆಕಾಶ ತೋರಿಸುವವರು ಅವರು. ಈ ಕೆಲಸ ಚಾಮರಾಜನಗರದಲ್ಲೂ ಯಾದಗಿರಿಯಲ್ಲೂ ಏಕಾಗಬಾರದು? ಜಿಲ್ಲೆಗೊಂದು ಗುಮ್ಮಟದ ತಾರಾಲಯ ಕಟ್ಟುವ ಮಾತು ಆಗಾಗ ಕೇಳುತ್ತದೆ. ಗುತ್ತಿಗೆದಾರರಿಗೆ ಒಳ್ಳೆಯದು. ನನ್ನನ್ನು ಕೇಳಿದರೆ ಆ ದುಡ್ಡಿನಲ್ಲಿ ಪ್ರೌಢಶಾಲೆಗಳಿಗೆ ಸಣ್ಣ ದುರ್ಬೀನು ಕೊಡಿ, ರಾತ್ರಿ ಅದನ್ನು ಹೊರಗೆ ತೆಗೆಯುವ ಮೇಷ್ಟರಿಗೆ ಮರುದಿನ ಬೆಳಿಗ್ಗೆ ರಜೆ ಕೊಡಿ, ಆಕಾಶಕ್ಕೆ ಬೆಳಕು ಚೆಲ್ಲುವ ಬೀದಿದೀಪಗಳಿಗೆ ಮೇಲೊಂದು ಮರೆ ಹಾಕಿ.

ಸರ್ಕಾರ ಇದನ್ನೆಲ್ಲ ಮಾಡುವವರೆಗೆ ಓದುಗರು ಕಾಯಬೇಕಿಲ್ಲ. ಬರುವ ಡಿಸೆಂಬರಿನ ಒಂದು ರಾತ್ರಿ ಒಂಬತ್ತು ಗಂಟೆಗೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ಸಾಲಾಗಿ ನಿಂತ ಮೂರು ನಕ್ಷತ್ರ ಕಾಣುತ್ತವೆ. ಅವುಗಳ ಎಡಕ್ಕೆ ಕೆಂಪಗಿರುವುದು ಆರ್ದ್ರಾ, ಬಲಕ್ಕೆ ನೀಲಿ ಬಿಳುಪಾಗಿರುವುದು ರೀಗಲ್, ಮೇಲೆ ಕೆಂಪಗಿರುವುದು ರೋಹಿಣಿ. ಆರ್ದ್ರಾ ರೋಹಿಣಿಗಿಂತ ಪ್ರಕಾಶವಾಗಿದೆಯೋ ಮಂಕಾಗಿದೆಯೋ ನೋಡಿ, ತಾರೀಕು, ಗಂಟೆ, ನಿಮ್ಮ ಅಂದಾಜು ಬರೆದಿಡಿ. ವಾರಕ್ಕೊಮ್ಮೆ ಹೀಗೆ ಬರೆಯಿರಿ. ಚಂದ್ರರ ಟಿಪ್ಪಣಿಗಳನ್ನು ಪಡೆಯುತ್ತಿದ್ದ ಅದೇ ಎಎವಿಎಸ್‌ಒ ಇಂದಿಗೂ ಯಾರು ಕಳಿಸಿದರೂ ಸ್ವೀಕರಿಸುತ್ತದೆ. ವೀಕ್ಷಣೆ ಕಳಿಸಲು ಪದವಿ ಬೇಡ, ಸದಸ್ಯತ್ವ ಬೇಡ, ಶುಲ್ಕವೂ ಇಲ್ಲ.